ಗಾಂಧಾರದ ಲೆಕ್ಕ ನಮ್ಮ ಕೈಯಲ್ಲಿರಲಿ

ಹಾರ್ಮೋನಿಯಂ ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹಿತ್ತಾಳೆಯ ಆ ತೆಳು ನಾಲಿಗೆಯನ್ನು ಎಷ್ಟು ಕೆರೆಯಬೇಕು ಎಂಬುದಕ್ಕೆ ಅಳತೆಗೋಲಿಲ್ಲ. ಎರಡು ಸಲ ಅರ ಆಡಿಸುವುದು, ರೀಡನ್ನು ಪೆಟ್ಟಿಗೆಗೆ ಕೂರಿಸಿ ತಿದಿ ಒತ್ತಿ ಕೇಳುವುದು, ಮತ್ತೆ ಬಿಚ್ಚುವುದು. ಬಳೇಪೇಟೆಯಲ್ಲಿ ನಮ್ಮ ತಂದೆ ಮೂವತ್ತೆಂಟು ವರ್ಷ ಮಾಡಿದ ಕೆಲಸ ಇದು. ಹರಿಕಥೆ ದಾಸರು, ಭಜನಾ ಮಂಡಳಿಯವರು, ನಾಟಕದ ಮೇಷ್ಟ್ರುಗಳು ಪೆಟ್ಟಿಗೆ ಹೊತ್ತು ತರುತ್ತಿದ್ದರು. ಅವರಲ್ಲಿ ಕೆಲವರು ಮಾತ್ರ ಬೇರೊಂದು ಕೋರಿಕೆ ಇಡುತ್ತಿದ್ದರು: "ಗಾಂಧಾರ ಒಂಚೂರು ಇಳಿಸಿಕೊಡಿ ಸ್ವಾಮಿ, ತಂಬೂರಿ ಜೊತೆ ಕೂರ್ತಾ ಇಲ್ಲ." ಅಪ್ಪ ಯಾಕೆ ಎಂದು ಕೇಳುತ್ತಿರಲಿಲ್ಲ. ಅರ ತೆಗೆದುಕೊಂಡು ರೀಡಿನ ಬುಡ ಕೆರೆಯುತ್ತಿದ್ದರು.

ನಾನೀಗ ಅವೆನ್ಯೂ ರಸ್ತೆಯ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿಯ ಕೋಣೆಯೊಂದರಲ್ಲಿ ರೆಕಾರ್ಡಿಂಗ್ ಮಾಡುತ್ತೇನೆ. ಕೆಳಗೆ ಮದುವೆ ಕಾರ್ಡಿನ ಗೋದಾಮು, ಎದುರಿಗೆ ಹಳೇ ಪಠ್ಯಪುಸ್ತಕಗಳ ಅಂಗಡಿ. ಗೋಡೆಗಳಿಗೆ ಹತ್ತಿ ಹಾಸಿಗೆ ಕಟ್ಟಿ, ಅದರ ಮೇಲೆ ಗೋಣಿತಾಟು ಹೊಡೆಸಿದ್ದೇನೆ. ಹಾಗಿದ್ದೂ ಹಗಲಿನಲ್ಲಿ ಕೈಗಾಡಿಯ ಗಡಗಡ, ಆಟೊಗಳ ಹಾರ್ನು, ಹೊರೆ ಹೊತ್ತವರು "ದಾರಿ ದಾರಿ" ಎಂದು ಕೂಗುವುದು ಮೈಕಿಗೆ ಬಂದೇ ಬರುತ್ತದೆ. ಹಾಗಾಗಿ ಹಾಡುವವರು ರಾತ್ರಿ ಹತ್ತರ ಮೇಲೆ ಬರುತ್ತಾರೆ. ದೇವರನಾಮ, ಭಾವಗೀತೆ, ಶಾಲಾ ವಾರ್ಷಿಕೋತ್ಸವದ ಹಾಡು, ಜಾತ್ರೆಯ ಪ್ರಚಾರ, ಎಲ್ಲವೂ ಇಲ್ಲಿ ಆಗಿವೆ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಅನ್ನ. ಆ ಅನುಭವದ ಮೇಲೆ ಒಂದು ಮಾತು ಹೇಳಬೇಕಾಗಿದೆ. ಹಾಡಿನ ಮೇಲೆ ನಾವು ಹಚ್ಚುವ ಎಫೆಕ್ಟನ್ನು ಇನ್ನು ಮುಂದೆ ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಧನ ಇವತ್ತು ಉಚಿತವಾಗಿ ಸಿಗುತ್ತಿದೆ. ನಾವು ಅದರತ್ತ ನೋಡುತ್ತಿಲ್ಲ.

ಎಫೆಕ್ಟ್ ಎಂದರೆ ಏನು ಎಂದು ಕೇಳುವ ಓದುಗರಿಗೆ ಸರಳವಾಗಿ ಹೇಳುತ್ತೇನೆ. ಹಾಸಿಗೆ ಕಟ್ಟಿದ ಕೋಣೆಯಲ್ಲಿ ಹಾಡಿದ ಧ್ವನಿ ಒಣಗಿರುತ್ತದೆ. ದೇವಸ್ಥಾನದ ಪ್ರಾಂಗಣದಲ್ಲೋ ಕಲ್ಯಾಣ ಮಂಟಪದಲ್ಲೋ ಹಾಡಿದಾಗ ಗೋಡೆಗಳಿಂದ ಮರಳಿ ಬರುವ ಅನುರಣನ ಅಲ್ಲಿರುವುದಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಸೇರಿಸುತ್ತೇವೆ. ಮಾರ್ದನಿ, ಪ್ರತಿಧ್ವನಿ, ದನಿಯನ್ನು ತಿಳಿಗೊಳಿಸುವ ಫಿಲ್ಟರು, ಸ್ವರ ತಪ್ಪಿದ್ದನ್ನು ಸರಿಪಡಿಸುವ ಯಂತ್ರ, ಇವೆಲ್ಲ ಎಫೆಕ್ಟುಗಳು. ರೆಕಾರ್ಡಿಂಗ್ ತಂತ್ರಾಂಶದೊಳಗೆ ಇವು ಪ್ಲಗಿನ್ ಎಂಬ ಹೆಸರಿನ ಪುಟ್ಟ ತಂತ್ರಾಂಶಗಳಾಗಿ ಕೂರುತ್ತವೆ. ಪ್ರತಿ ಪ್ಲಗಿನ್ನಿನ ಜೊತೆ ನೂರಾರು ಸಿದ್ಧ ಹೊಂದಾಣಿಕೆಗಳು ಬರುತ್ತವೆ. ಹುಡುಗರು ಪ್ರಿಸೆಟ್ ಎನ್ನುತ್ತಾರೆ. ಹೆಸರು ನೋಡಿ ಒತ್ತಿದರೆ ಮುಗಿಯಿತು. ಪುರಂದರದಾಸರ ಪದಕ್ಕೆ ಯುರೋಪಿನ ಯಾವುದೋ ಇಗರ್ಜಿಯ ಮಾರ್ದನಿ ಅಂಟಿಕೊಳ್ಳುತ್ತದೆ.

ಮಾರ್ದನಿಯ ಮಾತನ್ನಾದರೂ ಬಿಡಬಹುದು. ಸ್ವರ ತಿದ್ದುವ ಯಂತ್ರದ್ದು ದೊಡ್ಡ ಪ್ರಶ್ನೆ. ಆಟೊಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಗರ್ಭದ ಕಂಪನಗಳನ್ನು ವಿಶ್ಲೇಷಿಸಿ ತೈಲ ಹುಡುಕುವ ಕೆಲಸದಲ್ಲಿದ್ದ ವಿಜ್ಞಾನಿ. ಹಾಡಿದ ಸ್ವರ ಎಲ್ಲಿದೆ ಎಂದು ಗುರುತಿಸಿ, ಹತ್ತಿರದ ಸರಿ ಸ್ವರಕ್ಕೆ ಎಳೆದು ನಿಲ್ಲಿಸುವುದು ಅದರ ಕೆಲಸ. ಆ ಸರಿ ಸ್ವರ ಯಾರದು? ಸಾಮಾನ್ಯ ಹೊಂದಾಣಿಕೆಯಲ್ಲಿ ಅದು ಪಿಯಾನೊದ ಸ್ವರ. ಒಂದು ಸ್ಥಾಯಿಯನ್ನು ಸಮನಾಗಿ ಹನ್ನೆರಡು ಭಾಗ ಮಾಡಿದ ಸ್ವರ. ಬೇರೆ ಕ್ರಮ ಆರಿಸುವ ಅವಕಾಶ ಅದರಲ್ಲಿದೆ ನಿಜ. ನಾನು ಕಂಡ ಸ್ಟುಡಿಯೊಗಳಲ್ಲಿ ಅದನ್ನು ಮುಟ್ಟಿದವರನ್ನು ನೋಡಿಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ತೂಗುವ ಸ್ವರ. ಯಂತ್ರದ ಲೆಕ್ಕದಲ್ಲಿ ಆ ತೂಗಾಟ ತಪ್ಪು. ಅದು ಗಮಕವನ್ನು ಮೆಟ್ಟಿಲು ಮಾಡಿಬಿಡುತ್ತದೆ.

ನಿಲ್ಲುವ ಗಾಂಧಾರಕ್ಕೂ ತೊಂದರೆ ತಪ್ಪಿದ್ದಲ್ಲ. ಅಪ್ಪನ ಬಳಿ ಬಂದವರು ಕೇಳುತ್ತಿದ್ದುದು ಅದನ್ನೇ. ಐದು ಮನೆ ಶ್ರುತಿಯಲ್ಲಿ ಷಡ್ಜ ಸೆಕೆಂಡಿಗೆ 196 ಕಂಪನ ಎನ್ನೋಣ. ತಂಬೂರಿಯ ಮಂದ್ರ ತಂತಿ ಅದರ ಅರ್ಧ, 98. ಆ ತಂತಿ ಮೀಟಿದಾಗ ಅದರೊಳಗಿಂದ ತಾನಾಗಿಯೇ ಐದು ಪಟ್ಟಿನ ಸ್ವರವೊಂದು ಏಳುತ್ತದೆ, 490. ಅದೇ ತಂಬೂರಿಯ ಸ್ವಯಂಭೂ ಗಾಂಧಾರ. ಅದರ ಕೆಳಸ್ಥಾಯಿ 245. ಪಿಯಾನೊ ಮನೆಯ ಗಾಂಧಾರವೋ ಸುಮಾರು 246.9. ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಸದ್ದು ಉಬ್ಬಿ ತಗ್ಗುವ ಅಲೆ ಏಳುತ್ತದೆ. "ಕೂರ್ತಾ ಇಲ್ಲ" ಎಂದು ದಾಸರು ಹೇಳುತ್ತಿದ್ದುದು ಆ ಅಲೆಯನ್ನು. ಅವರ ಬಳಿ ಲೆಕ್ಕ ಇರಲಿಲ್ಲ, ಕಿವಿ ಇತ್ತು.

ಈ ಜಗಳ ಹೊಸದಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನೇ ನಿಷೇಧಿಸಿತು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಇದೇ: ಅದರ ಮನೆಗಳು ಗಟ್ಟಿ, ಅವು ನಮ್ಮ ಶ್ರುತಿಗಳನ್ನೂ ಗಮಕವನ್ನೂ ಹೇಳಲಾರವು. ಪಕ್ಕವಾದ್ಯವಾಗಿ ಅದು ಮರಳಿ ಒಳಗೆ ಬರಲು 1971ರವರೆಗೆ ಕಾಯಬೇಕಾಯಿತು. ಆ ನಿಷೇಧ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ನಮ್ಮ ಮನೆ ನಡೆದದ್ದು ಆ ಪೆಟ್ಟಿಗೆಯಿಂದಲೇ. ಆದರೂ ಒಂದು ವಿಷಯ ಒಪ್ಪಬೇಕು, ಆ ಕಾಲದಲ್ಲಿ ಪ್ರಶ್ನೆಯನ್ನಾದರೂ ಕೇಳಿದರು. ಇವತ್ತು ಅದೇ ಹನ್ನೆರಡು ಗಟ್ಟಿ ಮನೆಗಳು ಕಂಪ್ಯೂಟರಿನ ಒಳಗೆ ಕೂತು ಪ್ರತಿ ಭಕ್ತಿಗೀತೆಯನ್ನೂ ತಿದ್ದುತ್ತಿವೆ. ಯಾರೂ ಕೇಳುತ್ತಿಲ್ಲ. ಹಾರ್ಮೋನಿಯಮ್ಮಿಗಾದರೆ ಅರ ಹಿಡಿದ ಒಬ್ಬ ಮನುಷ್ಯ ಬಳೇಪೇಟೆಯಲ್ಲಿ ಸಿಗುತ್ತಿದ್ದ. ಪ್ಲಗಿನ್ನಿನ ಬುಡ ಕೆರೆಯುವವರು ಯಾರು?

ನನ್ನ ಮಟ್ಟಿಗೆ ಆ ಅರ ಸಿಕ್ಕಿದ್ದು ಮಾಡ್ಯುಲರ್ ಸಿಂಥಸೈಜರಿನ ರೂಪದಲ್ಲಿ. ಅಮೆರಿಕದಲ್ಲಿ ರಾಬರ್ಟ್ ಮೂಗ್ 1964ರಲ್ಲಿ ಜನರ ಮುಂದಿಟ್ಟ ಯೋಚನೆ ಅದು. ಸದ್ದು ಹುಟ್ಟಿಸುವುದು ಒಂದು ಡಬ್ಬಿ, ಸೋಸುವುದು ಇನ್ನೊಂದು, ಏರಿಸಿ ಇಳಿಸುವುದು ಮತ್ತೊಂದು. ಯಾವುದೂ ಯಾವುದಕ್ಕೂ ಮೊದಲೇ ಅಂಟಿರುವುದಿಲ್ಲ. ವೈರು ಹಾಕಿ ನೀವೇ ಜೋಡಿಸಬೇಕು. ಆ ಜೋಡಣೆಗೆ ಪ್ಯಾಚ್ ಎಂದು ಹೆಸರು. ಅಲ್ಲಿ ಸ್ವರಕ್ಕೆ ಮನೆಯಿಲ್ಲ, ವೋಲ್ಟು ಮಾತ್ರ ಇದೆ. ಒಂದು ವೋಲ್ಟು ಏರಿಸಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಅಂಥ ಯಂತ್ರಗಳಿಗೆ ಈಗಲೂ ಲಕ್ಷಗಟ್ಟಲೆ ಬೇಕು. 2017ರಲ್ಲಿ ಆಂಡ್ರ್ಯೂ ಬೆಲ್ಟ್ ಎಂಬವರು ಇಡೀ ಯಂತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ಕಟ್ಟಿ, ವಿಸಿವಿ ರ‍್ಯಾಕ್ ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿ ಉಚಿತವಾಗಿ ಕೊಟ್ಟರು. ಆದರೆ ಅದು ತಾನೇ ಪ್ರತ್ಯೇಕವಾಗಿ ಓಡುವ ತಂತ್ರಾಂಶ. ಹಾಡನ್ನು ಅದರೊಳಗೆ ಹಾಯಿಸಬೇಕಾದರೆ ಎರಡು ತಂತ್ರಾಂಶಗಳ ನಡುವೆ ಸದ್ದಿನ ಸೇತುವೆ ಕಟ್ಟಿ, ಹಾಡು ಪೂರ್ತಿ ಓಡುವವರೆಗೂ ಕಾದು, ಬಂದದ್ದನ್ನು ಮತ್ತೆ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಗಿರಾಕಿ ಮಾರನೇ ದಿನ ಒಂದು ಸಾಲು ಬದಲಿಸಿ ಹಾಡಿದರೆ ಎಲ್ಲವೂ ಮೊದಲಿಂದ. 2021ರಲ್ಲಿ ರ‍್ಯಾಕಿನ ಪ್ಲಗಿನ್ ರೂಪ ಬಂತು, 149 ಡಾಲರ್ ಬೆಲೆಗೆ. 2022ರಲ್ಲಿ ಫಿಲಿಪೆ ಕೊಯೆಲ್ಯೊ ಎಂಬ ಪೋರ್ಚುಗೀಸ್ ತಂತ್ರಜ್ಞರು ಅದೇ ಮುಕ್ತ ಸಂಕೇತದ ಮೇಲೆ ಕಾರ್ಡಿನಲ್ ಎಂಬ ಪ್ಲಗಿನ್ ಹೊರತಂದರು. ಇದಕ್ಕೆ ಕಾಸಿಲ್ಲ, ಖಾತೆ ತೆರೆಯಬೇಕಿಲ್ಲ, ಡಬ್ಬಿಗಳೆಲ್ಲ ಒಳಗೇ ಇವೆ. ಅದರ ಎಫ್‌ಎಕ್ಸ್ ಎಂಬ ರೂಪವನ್ನು ಹಾಡಿನ ಟ್ರ್ಯಾಕಿನ ಮೇಲೆ ಬೇರೆ ಯಾವುದೇ ಎಫೆಕ್ಟಿನಂತೆ ಕೂರಿಸಬಹುದು. ಧ್ವನಿ ಒಂದು ಕಡೆಯಿಂದ ಒಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ಏನಾಗಬೇಕು ಎಂಬುದು ನಿಮ್ಮ ವೈರುಗಳಿಗೆ ಸೇರಿದ್ದು. ಹಾಡಿನ ಫೈಲನ್ನು ಉಳಿಸಿದರೆ ವೈರುಗಳೂ ಅದರ ಜೊತೆಗೇ ಉಳಿಯುತ್ತವೆ. ಆರು ತಿಂಗಳ ಮೇಲೆ ತೆರೆದರೂ ಹಾಗೇ ಇರುತ್ತವೆ.

ನಾನು ಮಾಡಿದ ಒಂದು ಕೆಲಸ ಹೇಳುತ್ತೇನೆ. ಚಾಮರಾಜಪೇಟೆಯಿಂದ ಒಬ್ಬ ತಾಯಿ ಬಂದಿದ್ದರು. ವಯಸ್ಸು ಎಪ್ಪತ್ತರ ಮೇಲೆ. ಕೋಟೆ ಹೈಸ್ಕೂಲಿನ ಆವರಣದಲ್ಲಿ ನಡೆಯುವ ರಾಮನವಮಿ ಕಛೇರಿಗಳನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು. ತಮ್ಮ ಅತ್ತೆಯವರಿಂದ ಕಲಿತ ಒಂಬತ್ತು ದೇವರನಾಮಗಳನ್ನು ಮೊಮ್ಮಕ್ಕಳಿಗಾಗಿ ಉಳಿಸಿಡಬೇಕು ಎಂಬುದು ಅವರ ಆಸೆ. ಧ್ವನಿ ಸ್ವಲ್ಪ ನಡುಗುತ್ತಿತ್ತು, ಶ್ರುತಿ ಮಾತ್ರ ಕದಲುತ್ತಿರಲಿಲ್ಲ. ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಆ ಜಾಗಗಳು ಒಣ ಕೋಣೆಯಲ್ಲಿ ಬಾವಿಯಂತೆ ಖಾಲಿ ಕೇಳಿಸುತ್ತಿದ್ದವು. ಮಾರ್ದನಿಯ ಪ್ರಿಸೆಟ್ ಹಾಕಿದೆ. ಉಸಿರೂ ನಡುಕವೂ ಸೇರಿ ಎಲ್ಲವೂ ದೊಡ್ಡದಾಯಿತು. ತೆಗೆದುಬಿಟ್ಟೆ.

ಆಮೇಲೆ ಕಾರ್ಡಿನಲ್ ತೆರೆದು ಮೂರು ರೆಸೊನೇಟರ್ ಇಟ್ಟೆ. ಪ್ಯಾರಿಸ್ಸಿನ ಎಮಿಲಿ ಜಿಲೆ ಎಂಬವರು ರಿಂಗ್ಸ್ ಎಂಬ ಹೆಸರಿನಲ್ಲಿ ಮಾಡಿ, ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಡಬ್ಬಿ ಅದು. ಹೊರಗಿನಿಂದ ಸದ್ದು ಕೊಟ್ಟರೆ ಒಳಗಿನ ತಂತಿ ತಾನೇ ಕಂಪಿಸುತ್ತದೆ. ಪಕ್ಕದಲ್ಲಿ ಹಾಡಿದಾಗ ಒರಗಿಸಿಟ್ಟ ತಂಬೂರಿ ಮೆಲ್ಲಗೆ ಗುಂಯ್‌ಗುಡುತ್ತದಲ್ಲ, ಹಾಗೆ. ಒಂದನ್ನು ಆ ತಾಯಿಯ ಷಡ್ಜಕ್ಕೆ ಕೂರಿಸಿದೆ. ಎರಡನೆಯದನ್ನು ಅದಕ್ಕಿಂತ 0.585 ವೋಲ್ಟು ಮೇಲಕ್ಕೆ, ಅದು ಶುದ್ಧ ಪಂಚಮ. ಶಂಕರಾಭರಣದ ಪದವಾದ್ದರಿಂದ ಮೂರನೆಯದನ್ನು ಗಾಂಧಾರಕ್ಕೆ. ಪಿಯಾನೊ ಲೆಕ್ಕದಲ್ಲಿ ಗಾಂಧಾರ 0.333 ವೋಲ್ಟು. ತಂಬೂರಿಯ ಲೆಕ್ಕದಲ್ಲಿ 0.322. ಮೊದಲು 0.333 ಇಟ್ಟು ಕೇಳಿದೆ, ಆಮೇಲೆ ಇಳಿಸುತ್ತ ಬಂದೆ. 0.322ರ ಹತ್ತಿರ ಬಂದಾಗ ಅಲೆ ನಿಂತಿತು. ಅಪ್ಪ ಬುಡ ಕೆರೆಯುತ್ತಿದ್ದುದು ಈ 0.011ಕ್ಕಾಗಿ ಎಂದು ಆ ರಾತ್ರಿ ನನಗೆ ತಿಳಿಯಿತು. ಅವರು ತೀರಿಕೊಂಡು ಆಗ ಹದಿನಾಲ್ಕು ವರ್ಷವಾಗಿತ್ತು.

ಇನ್ನೊಂದು ಕೆಲಸ ಬಾಕಿಯಿತ್ತು. ಹಾಡುವಾಗ ತಂತಿಗಳು ಅಡ್ಡ ಬರಬಾರದು, ಉಸಿರಿನ ಜಾಗದಲ್ಲಿ ಮಾತ್ರ ಏಳಬೇಕು. ಧ್ವನಿಯ ಏರಿಳಿತವನ್ನು ಅಳೆದು ವೋಲ್ಟು ಮಾಡಿಕೊಡುವ ಡಬ್ಬಿಯೊಂದಿದೆ, ಎನ್ವಲಪ್ ಫಾಲೋವರ್ ಎನ್ನುತ್ತಾರೆ. ಅದರ ವೋಲ್ಟನ್ನು ತಲೆಕೆಳಗು ಮಾಡಿ ರೆಸೊನೇಟರುಗಳ ವಾಲ್ಯೂಮಿಗೆ ಕೊಟ್ಟೆ. ಧ್ವನಿ ಏರಿದರೆ ತಂತಿ ತಗ್ಗುತ್ತದೆ, ಧ್ವನಿ ನಿಂತರೆ ತಂತಿ ಮೇಲೇಳುತ್ತದೆ. ಏಳುವುದೂ ಬೇರೆ ಯಾವುದರ ಸದ್ದಲ್ಲ, ಆಕೆ ಆಗಷ್ಟೇ ಹಾಡಿ ಬಿಟ್ಟ ಸ್ವರದ ಕಂಪನ. ಇಷ್ಟು ಕೂಡಿಬರಲು ಮೂರು ರಾತ್ರಿ ಹಿಡಿಯಿತು. ಯಾವ ಪ್ರಿಸೆಟ್ ಪಟ್ಟಿಯಲ್ಲೂ ಇದು ಸಿಗುವುದಿಲ್ಲ, ಯಾಕೆಂದರೆ ಆ ತಾಯಿಯ ಉಸಿರನ್ನು ಆ ಪಟ್ಟಿ ಮಾಡಿದವರು ಕೇಳಿಲ್ಲ.

ಅವರು ಬಂದು ಕೇಳಿದರು. ಎರಡು ಸಲ ಕೇಳಿ ಹೇಳಿದರು: "ಉಸಿರು ತಗೊಳ್ಳೋ ಕಡೆ ಯಾರೋ ಜೊತೆಗೆ ಕೂತಿದ್ದಾರೆ ಅನ್ನಿಸುತ್ತಪ್ಪ. ಆದ್ರೆ ಕೊನೇ ಚರಣದಲ್ಲಿ ಬೇಡ. ಅಂಕಿತದ ಹತ್ತಿರ ನಾನೊಬ್ಬಳೇ ಇರಬೇಕು." ನಾನು "ಆಗಲಿ ಅಮ್ಮಾ" ಎಂದು ಕೊನೆಯ ಚರಣದಲ್ಲಿ ತಂತಿಗಳನ್ನು ಪೂರ್ತಿ ಇಳಿಸಿಬಿಟ್ಟೆ. ಹಾಡಿದವರು ಎಫೆಕ್ಟಿನ ಬಗ್ಗೆ ಹೀಗೆ ತೀರ್ಪು ಹೇಳಿದ್ದು ನನ್ನ ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಪ್ರಿಸೆಟ್ ಹಾಕಿದಾಗ ಎಲ್ಲರೂ "ಚೆನ್ನಾಗಿದೆ" ಎಂದಷ್ಟೇ ಹೇಳುತ್ತಾರೆ. ಬದಲಾಯಿಸಬಹುದು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಇದು ಭಕ್ತಿಗೀತೆಗೆ ಮಾತ್ರ ಎಂದುಕೊಳ್ಳಬೇಡಿ. ಕರಗದ ಮೇಲೆ ಕಿರುಚಿತ್ರ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆ ಬೀದಿಗಳಲ್ಲಿ ಹಿಡಿದ ಸದ್ದು ತಂದರು. ಒಂದರಲ್ಲಿ ಜನರ "ಗೋವಿಂದಾ" ಘೋಷ, ಇನ್ನೊಂದರಲ್ಲಿ ಗಂಟೆ ಪೂಜಾರಿಯ ಗಂಟೆ. ಘೋಷ ಬರೀ ಗದ್ದಲವಾಗಿ ಕೇಳಿಸುತ್ತಿತ್ತು. ಪ್ಲಗಿನ್ನಿನ ಎಡಗಿವಿಗೆ ಘೋಷವನ್ನೂ ಬಲಗಿವಿಗೆ ಗಂಟೆಯನ್ನೂ ಕೊಟ್ಟೆವು. ಗಂಟೆಯ ಏಟನ್ನು ವೋಲ್ಟು ಮಾಡಿ, ಘೋಷದ ಮೇಲಿದ್ದ ಫಿಲ್ಟರನ್ನು ಅದರಿಂದ ತೆರೆಸಿದೆವು. ಗಂಟೆ ಬಾರಿಸಿದಾಗಲೆಲ್ಲ ಸಾವಿರ ಜನರ ದನಿ ಕತ್ತಲಿಂದ ಬೆಳಕಿಗೆ ಬಂದು ಮತ್ತೆ ಹಿಂದೆ ಸರಿಯಿತು. ಒಂದು ಸದ್ದು ಇನ್ನೊಂದನ್ನು ನಡೆಸುವುದು, ಈ ವಿದ್ಯೆಯ ತಿರುಳು ಇದು. ಆ ರಾತ್ರಿ ಪೇಟೆಯಲ್ಲಿ ನಿಜವಾಗಿ ನಡೆಯುವುದೂ ಹಾಗೇ. ಗಂಟೆ ಹತ್ತಿರ ಬಂದಾಗ ಜನ ಏಳುತ್ತಾರೆ.

ಹೊರಗಿನ ಯಂತ್ರಕ್ಕೆ ಇಷ್ಟು ಮೆಚ್ಚುಗೆ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಸಂಗೀತದ ಚರಿತ್ರೆಯೇ ಅವರಿಗೆ ಉತ್ತರ. ಪಿಟೀಲು ಹೊರಗಿಂದ ಬಂತು. ಸಭೆಯ ಹಿಂದಿನ ಸಾಲಿಗೆ ತಮ್ಮ ನಾದ ತಲುಪುತ್ತಿಲ್ಲ ಎಂದು ತಿರುಮಕೂಡಲಿನ ಟಿ. ಚೌಡಯ್ಯನವರು ಅದಕ್ಕೆ ಇನ್ನೂ ಮೂರು ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಮೈಕಿನವರು ಬಂದು ಸರಿಮಾಡಲಿ ಎಂದು ಕಾಯಲಿಲ್ಲ. ಅವರ ಹೆಸರಿನ ಸಭಾಂಗಣ ಇವತ್ತು ವೈಯಾಲಿಕಾವಲಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿದೆ. ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು. ಎಲೆಕ್ಟ್ರಾನಿಕ್ ತಂಬೂರಿ ಮಾಡಿ ರಾಡೆಲ್ ಸಂಸ್ಥೆ ಕಟ್ಟಿದರು. ಇವತ್ತು ಎಷ್ಟೋ ಮನೆಗಳಲ್ಲಿ ಬೆಳಗಿನ ಸಾಧಕಕ್ಕೆ ಷಡ್ಜ ಹಿಡಿದು ಕೂರುವುದು ಆ ಪೆಟ್ಟಿಗೆ. ಇವರಿಬ್ಬರೂ ಮಾಡಿದ್ದು ಒಂದೇ. ಯಂತ್ರ ಎಲ್ಲಿಂದಲಾದರೂ ಬರಲಿ, ಅದರ ಶ್ರುತಿ ಎಲ್ಲಿರಬೇಕು ಎಂಬುದನ್ನು ತಮ್ಮ ಕಿವಿಯಿಂದ ತೀರ್ಮಾನಿಸಿದರು.

ಮಾಡ್ಯುಲರ್ ಸಿಂಥಸೈಜರ್ ಕೂಡ ಈ ದೇಶಕ್ಕೆ ಹೊಸದಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಯಂತ್ರದ ಸ್ಟುಡಿಯೊ ಸ್ಥಾಪನೆಯಾಯಿತು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅದರಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಟೇಪುಗಳು ದಶಕಗಟ್ಟಲೆ ಸಂಸ್ಥೆಯಲ್ಲೇ ಮಲಗಿದ್ದು, ಬ್ರಿಟನ್ನಿನ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಆ ಯಂತ್ರವನ್ನು ಮುಟ್ಟಲು ಆಗ ಅಹಮದಾಬಾದಿಗೇ ಹೋಗಬೇಕಿತ್ತು. ಇವತ್ತು ಅದೇ ವಿದ್ಯೆ ಎಸ್.ಪಿ. ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಮೇಲೆ ಓಡುತ್ತದೆ. ಅದಕ್ಕೆ ನನ್ನದೇ ಸಾಕ್ಷಿ: ಅವೆನ್ಯೂ ರಸ್ತೆಯಿಂದ ಐದು ನಿಮಿಷ ನಡೆದುಹೋಗಿ ತಂದದ್ದು ಅದು.

ಹಾಗಿದ್ದರೂ ಹುಡುಗರು ಬೇರೆ ದಾರಿ ಹಿಡಿಯುತ್ತಿದ್ದಾರೆ. ಸಾವಿರಾರು ರೂಪಾಯಿಯ ಪ್ಲಗಿನ್ನುಗಳ ಬೀಗ ಒಡೆದ ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹೋಗುತ್ತಿವೆ. ನಾನೂ ಆ ತಪ್ಪು ಮಾಡಿದವನು. ಹತ್ತು ವರ್ಷದ ಹಿಂದೆ ಪರಿಚಯದವರೊಬ್ಬರು ಕೊಟ್ಟ ಅಂಥ ಪ್ರತಿಯ ಜೊತೆ ವೈರಸ್ ಬಂತು. ಹನ್ನೊಂದು ದಿನದ ರೆಕಾರ್ಡಿಂಗ್ ಹೋಯಿತು. ಅದರಲ್ಲಿ ಒಬ್ಬ ಹಿರಿಯ ಗಮಕಿಯ ಕುಮಾರವ್ಯಾಸ ವಾಚನವಿತ್ತು. ಮತ್ತೆ ಕರೆಸಿ ಓದಿಸೋಣವೆಂದರೆ ಅವರ ಆರೋಗ್ಯ ಕೆಟ್ಟಿತ್ತು. ಆ ವಾಚನ ಇನ್ನೆಲ್ಲೂ ಇಲ್ಲ. ಕದ್ದ ಸಾಧನಕ್ಕೆ ನಾನು ಕೊಟ್ಟ ಬೆಲೆ ಅದು. ಉಚಿತವಾಗಿ, ನ್ಯಾಯವಾಗಿ, ಒಳಗಿನ ಸಂಕೇತ ಸಮೇತ ಕೊಟ್ಟದ್ದು ಕೈಗೆಟುಕುವಲ್ಲಿರುವಾಗ ಕಳ್ಳಪ್ರತಿಗೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಆಕ್ಷೇಪಗಳು ನನಗೆ ಗೊತ್ತಿವೆ. ಗಿರಾಕಿ ಸಂಜೆಗೆ ಹಾಡು ಬೇಕು ಎನ್ನುತ್ತಾನೆ, ಮೂರು ರಾತ್ರಿ ಎಲ್ಲಿಂದ ತರುವುದು? ನಿಜ. ಜಾತ್ರೆಯ ಪ್ರಚಾರಕ್ಕೆ ನಾನೂ ಪ್ರಿಸೆಟ್ಟನ್ನೇ ಹಾಕುತ್ತೇನೆ. ಆದರೆ ಮೂರು ರಾತ್ರಿ ಹಿಡಿದದ್ದು ಮೊದಲ ಸಲ ಮಾತ್ರ. ಈಗ ಅದೇ ಪ್ಯಾಚ್ ತೆರೆದು, ಹಾಡುವವರ ಷಡ್ಜಕ್ಕೆ ತಕ್ಕಂತೆ ವೋಲ್ಟನ್ನು ಹೊಂದಿಸಿದರೆ ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ತಡೆಯುವುದಿಲ್ಲ ಎನ್ನುತ್ತಾರೆ. ಪ್ರತಿ ಡಬ್ಬಿಯೂ ಸೆಕೆಂಡಿಗೆ 48,000 ಸಲ ಲೆಕ್ಕ ಹಾಕುವುದರಿಂದ ಹೊರೆ ಇದ್ದೇ ಇದೆ. ಮೂರು ನಾಲ್ಕು ಡಬ್ಬಿಯಲ್ಲಿ ಮುಗಿಸುವುದನ್ನು ಕಲಿಯಬೇಕು, ಎಫೆಕ್ಟ್ ಗಟ್ಟಿಯಾದ ಮೇಲೆ ಅದನ್ನು ಟ್ರ್ಯಾಕಿಗೇ ಅಚ್ಚು ಹಾಕಿ ಪ್ಲಗಿನ್ ಮುಚ್ಚಬೇಕು. ಹಾಡುವಾಗ ಇಯರ್‌ಫೋನಿನಲ್ಲಿ ಕೇಳಿಸಬೇಕಿದ್ದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕನ್ನು, ಅಂದರೆ ಬಫರನ್ನು, 256ಕ್ಕೆ ಇಳಿಸಿ, ಆಗ ಅದರ ತಡ ಸುಮಾರು ಐದು ಮಿಲಿಸೆಕೆಂಡ್. ಇನ್ನೊಂದು ಎಚ್ಚರಿಕೆ, ಹೊಸಬರು ಇದನ್ನು ಮರೆಯಬಾರದು: ಹೊರಬರುವ ಸದ್ದನ್ನು ಮತ್ತೆ ಒಳಕ್ಕೆ ತಿರುಗಿಸುವ ವೈರು ಹಾಕಿದರೆ ಅದು ಕ್ಷಣದಲ್ಲಿ ಕಿರುಚಾಟವಾಗಬಹುದು. ಕೊನೆಯಲ್ಲಿ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇಡದೆ, ವಾಲ್ಯೂಮ್ ತಗ್ಗಿಸದೆ ಅಂಥದಕ್ಕೆ ಕೈ ಹಾಕಬೇಡಿ. ಕಿವಿ ಹೋದರೆ ಈ ಕಸುಬೇ ಹೋಯಿತು.

ಸಂಪ್ರದಾಯದವರ ಆಕ್ಷೇಪ ಇದಕ್ಕಿಂತ ಆಳವಾದದ್ದು. ತಂಬೂರಿ ಇರುವಾಗ ಕಂಪ್ಯೂಟರಿನ ತಂತಿ ಯಾಕೆ ಎನ್ನುತ್ತಾರೆ. ಒಳ್ಳೆಯ ತಂಬೂರಿ, ಅದನ್ನು ಶ್ರುತಿ ಮಾಡಿ ತಂತಿಯ ಕೆಳಗೆ ಜೀವಾಳದ ದಾರ ಕೂರಿಸಬಲ್ಲ ಕೈ, ಇವೆರಡೂ ಇರುವಲ್ಲಿ ನನ್ನ ಪ್ಯಾಚ್ ಬೇಡವೇ ಬೇಡ. ನಾನು ಮಾತಾಡುತ್ತಿರುವುದು ಈಗಾಗಲೇ ಕಂಪ್ಯೂಟರಿನ ಒಳಗೆ ಹೋಗಿರುವ ಹಾಡಿನ ಬಗ್ಗೆ. ಇವತ್ತು ರೆಕಾರ್ಡ್ ಆಗುವ ಹಾಡುಗಳೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಹೋಗುತ್ತವೆ. ಹೋದ ಮೇಲೆ ಅದನ್ನು ಯಾರ ಶ್ರುತಿಗೆ ಒಪ್ಪಿಸುತ್ತೀರಿ ಎಂಬುದೊಂದೇ ಪ್ರಶ್ನೆ. ಅಲ್ಲೂ ಜೀವಾಳದ ಎಳೆಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಹುಡುಕಬೇಕಾದವರು ನಾವೇ.

ಹಾಗಾಗಿ ಮೂರು ಕೋರಿಕೆಗಳು. ಮೊದಲನೆಯದು ಕಲಿಸುವವರಿಗೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಧ್ವನಿಗ್ರಹಣ ಕಲಿಯುವವರಿಗೂ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಯುವವರಿಗೂ ಈ ವಿದ್ಯೆಯನ್ನು ಒಟ್ಟಿಗೆ ಕೂರಿಸಿ ಕಲಿಸಿ. ಒಬ್ಬರಿಗೆ ವೋಲ್ಟು ಗೊತ್ತು, ಇನ್ನೊಬ್ಬರಿಗೆ ಗಾಂಧಾರ ಗೊತ್ತು. ಇಬ್ಬರೂ ಸೇರದೆ 0.322 ಸಿಗುವುದಿಲ್ಲ. ತಂತ್ರಾಂಶಕ್ಕೆ ಖರ್ಚಿಲ್ಲ, ಒಂದು ಕೋಣೆ ಸಾಕು. ಎರಡನೆಯದು ನನ್ನ ಕಸುಬಿನವರಿಗೆ. ಒಂದು ಪ್ಯಾಚ್ ಸಣ್ಣ ಫೈಲು, ಮೊಬೈಲಿನಲ್ಲಿ ಕಳಿಸಬಹುದು. ಬಚ್ಚಿಡಬೇಡಿ, ಹಂಚಿಕೊಳ್ಳಿ. ಯಾವ ಡಬ್ಬಿ ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದಿಡಿ. ನಾನು ಉಸಿರಿನ ಪ್ಯಾಚನ್ನು ಕೇಳಿದವರಿಗೆಲ್ಲ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ. ಮೂರನೆಯದು ಹಾಡುವವರಿಗೆ. ರೆಕಾರ್ಡಿಂಗಿಗೆ ಹೋದಾಗ ನಿಮ್ಮ ಧ್ವನಿಯ ಮೇಲೆ ಏನು ಹಾಕಿದ್ದಾರೆ ಎಂದು ಕೇಳಿ. ಗಾಂಧಾರ ಕೂರುತ್ತಿಲ್ಲ ಎನಿಸಿದರೆ ಹಾಗೇ ಹೇಳಿ. ಬಳೇಪೇಟೆಗೆ ಪೆಟ್ಟಿಗೆ ಹೊತ್ತು ತಂದ ದಾಸರು ಹೇಳುತ್ತಿದ್ದರು. ನೀವೂ ಹೇಳಬಹುದು.

ಕಂಪ್ಯೂಟರ್ ಇರುವ ಓದುಗರು ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಕಾರ್ಡಿನಲ್ ಇಳಿಸಿಕೊಳ್ಳಿ, ಸದ್ದು ಹುಟ್ಟಿಸುವ ಎರಡು ಡಬ್ಬಿ ತೆರೆಯಿರಿ. ಒಂದನ್ನು ಷಡ್ಜದಲ್ಲಿ ನಿಲ್ಲಿಸಿ. ಇನ್ನೊಂದಕ್ಕೆ ಅದಕ್ಕಿಂತ 0.333 ವೋಲ್ಟು ಹೆಚ್ಚು ಕೊಟ್ಟು ಕೇಳಿ. ಆಮೇಲೆ ನಿಧಾನವಾಗಿ ಇಳಿಸುತ್ತ ಬನ್ನಿ. ಅಲೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈ ನಿಲ್ಲಿಸಿ.